ಬಸವನಹುಳು ವಿಭಾಗದ ಕೊನೆಯ ವಿದ್ಯಾರ್ಥಿ

ಆ ವಿಶ್ವವಿದ್ಯಾಲಯದಲ್ಲಿ ಕೆಲಸ ಖಾಯಂ ಆಗದೆ ಒದ್ದಾಡುತ್ತಿದ್ದ ಮೇಷ್ಟ್ರುಗಳು ಬೇಕಾದಷ್ಟು ಜನ ಇದ್ದರು. ಓದು ಖಾಯಂ ಆಗಿದ್ದವನು ಒಬ್ಬನೇ. ಆದ್ದರಿಂದ ಎಲ್ಲರೂ ಅವನನ್ನು ‘ಖಾಯಂ’ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಅದನ್ನು ಹಾಸ್ಟೆಲಿನ ಕೋಣೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದರು. ಮಳೆಗಾಲಗಳು ಬಂದುಹೋದವು, ಹೆಸರು ಹೋಯಿತು, ಖಾಯಂ ಉಳಿದ.

ಬಸ್ಸು ಇನ್ನು ಮುಂದೆ ಹೋಗಲಾರೆ ಎಂದು ಎಂಜಿನ್ ಆರಿಸುವ ಜಾಗದಲ್ಲಿ ಆ ಕ್ಯಾಂಪಸ್ಸು. ಗದ್ದಲವಿಲ್ಲದ ಕಡೆ ಸಂಶೋಧನೆ ಚೆನ್ನಾಗಿ ನಡೆಯುತ್ತದೆಂದು ಯಾರೋ ದೊಡ್ಡವರು ಹೊಲಗಳ ನಡುವೆ ಅದನ್ನು ಕಟ್ಟಿಸಿದ್ದರು. ಗದ್ದಲ ಇಲ್ಲದ್ದು ನಿಜ. ಉಳಿದದ್ದೂ ಇರಲಿಲ್ಲ. ಅದರೊಳಗೂ ಕಟ್ಟಕಡೆಯ ಕಟ್ಟಡ ಮೃದ್ವಂಗಿ ಅಧ್ಯಯನ ವಿಭಾಗದ್ದು, ಜನರ ಬಾಯಲ್ಲಿ ಬಸವನಹುಳು ವಿಭಾಗ. ಒಬ್ಬ ಪ್ರೊಫೆಸರು, ಒಬ್ಬ ಗುಮಾಸ್ತೆ, ಒಬ್ಬ ಅಟೆಂಡರು, ಒಬ್ಬ ಖಾಯಂ. ಹಿಂದುಗಡೆ ತಗಡಿನ ಸೂರಿನ ಹುಳುಮನೆ. ಅಲ್ಲಿ ಒದ್ದೆ ಗೋಣಿಚೀಲಗಳ ಮೇಲೆ ಬಸವನಹುಳುಗಳು ತಮ್ಮ ಪಾಡಿಗೆ ತಾವು ಇದ್ದವು. ವಿಭಾಗದಲ್ಲಿ ಅತ್ಯಂತ ಚುರುಕಾಗಿದ್ದವರು ಅವೇ.

ಖಾಯಂನ ಸಂಶೋಧನೆಯ ಪ್ರಶ್ನೆ ಇಷ್ಟು: ಬಸವನಹುಳುವನ್ನು ದೂರ ಒಯ್ದು ಬಿಟ್ಟರೆ ಅದು ಮತ್ತೆ ತನ್ನ ಜಾಗಕ್ಕೆ ಬರುತ್ತದೆಯೇ? ಮಾಡಬೇಕಾದದ್ದೂ ಇಷ್ಟೇ. ಚಿಪ್ಪಿನ ಮೇಲೆ ಉಗುರುಬಣ್ಣದ ಒಂದು ಚುಕ್ಕೆ ಇಡುವುದು, ಬೇಲಿಯಾಚೆ ಬಿಡುವುದು, ಕಾಯುವುದು. ಒಂದು ಸಲ ಬಿಟ್ಟದ್ದನ್ನು ಕಾಗೆಗಳು ತಿಂದವು. ಇನ್ನೊಂದು ಸಲ ಅಟೆಂಡರನ ಕೋಳಿಗಳು. ಮತ್ತೊಂದು ಸಲ ಬಣ್ಣವೇ ಕಿತ್ತುಹೋಗಿ ಯಾವುದು ಬಂದದ್ದು, ಯಾವುದು ಹೋಗದೇ ಇದ್ದದ್ದು ಎಂದು ತಿಳಿಯದಾಯಿತು. ಉಳಿದ ಸಲವೆಲ್ಲ ಕಾಯುವವನಿಗೆ ನಿದ್ದೆ ಬಂತು. ಹೀಗಾಗಿ ಮಹಾಪ್ರಬಂಧದಲ್ಲಿ ಖಾಯಂ ಈವರೆಗೆ ಬರೆದು ಮುಗಿಸಿದ್ದು ಒಂದೇ ಭಾಗ, ಕೃತಜ್ಞತೆಗಳು. ಅದನ್ನು ಮಾತ್ರ ಬಹಳ ಚೆನ್ನಾಗಿ ಬರೆದಿದ್ದ.

ಇದರಿಂದ ಯಾರಿಗೂ ನಷ್ಟವಿರಲಿಲ್ಲ ಎನ್ನುವುದನ್ನು ಇಲ್ಲಿಯೇ ಹೇಳಬೇಕು. ಓದುವವರಿಲ್ಲದ ವಿಭಾಗವನ್ನು ಮುಚ್ಚತಕ್ಕದ್ದೆಂದು ವಿಶ್ವವಿದ್ಯಾಲಯದ ನಿಯಮ. ಹೊಸಬರು ಯಾರೂ ಆ ಕಡೆ ತಲೆ ಹಾಕದೆ ವರ್ಷಗಳಾಗಿದ್ದವು. ರಿಜಿಸ್ಟ್ರಾರರಿಗೆ ಆ ಕಟ್ಟಡದ ಮೇಲೆ ಕಣ್ಣು. ಅತಿಥಿಗೃಹ ಮಾಡಬೇಕೆಂದು ಪರದೆಯ ಬಣ್ಣವನ್ನೂ ಆರಿಸಿಟ್ಟಿದ್ದರು. ಖಾಯಂ ಮುಗಿಸಿದ ದಿನ ಬೀಗ. ಪ್ರೊಫೆಸರಿಗೆ ನಿವೃತ್ತಿಯ ಮೊದಲೇ ಮೀನುಗಾರಿಕೆ ವಿಭಾಗದ ಮೂಲೆಯ ಕುರ್ಚಿ, ಗುಮಾಸ್ತೆಗೆ ಪಟ್ಟಣಕ್ಕೆ ವರ್ಗ, ಹಿಂದಿನ ಕೋಣೆಯಲ್ಲಿ ಸಂಸಾರ ಹೂಡಿದ್ದ ಅಟೆಂಡರಿಗೆ ಬೀದಿ. ಖಾಯಂ ಒಬ್ಬ ಮುಗಿಸದೆ ಇದ್ದದ್ದರಿಂದ ಮೂರು ಮನೆಯ ಒಲೆ ಉರಿಯುತ್ತಿತ್ತು.

ಎಡವಟ್ಟಾದದ್ದು ಒಂದು ಭಾನುವಾರ, ಅಕ್ಕನ ಮನೆಯ ಊಟದ ಮೇಜಿನ ಮುಂದೆ.

ಭಾವನದು ಟೈರಿನ ಅಂಗಡಿ. ದಿನವಿಡೀ ಗಾಳಿ ತುಂಬುವ ಯಂತ್ರದ ಪಕ್ಕ ನಿಂತು ಅಭ್ಯಾಸವಾಗಿ, ಉಪ್ಪು ಕೇಳುವುದಿದ್ದರೂ ಅವನು ಲಾರಿಯವನನ್ನು ಕೂಗಿದಂತೆ ಕೂಗುತ್ತಿದ್ದ. ಅವತ್ತು ಹೊರಗಿನ ನಾಲ್ಕು ಜನ ಬೇರೆ ಇದ್ದರು.

“ಏನಪ್ಪಾ! ನಿನ್ನ ಹುಳ ಎಲ್ಲೀವರೆಗೆ ಬಂತು?” ಎಂದು ಭಾವ ಗರ್ಜಿಸಿದ. ನಾಲ್ಕು ಜನವೂ ತಟ್ಟೆಯಿಂದ ಮುಖ ಎತ್ತಿದರು. “ನಾನು ಅಂಗಡಿ ಹಾಕಿದಾಗ ಇವನು ಓದೋಕೆ ಸೇರಿದ. ನನ್ನದು ಮೂರನೇ ಅಂಗಡಿ ಆಯ್ತು. ಇವನದು ಇನ್ನೂ ಮೊದಲನೇ ಹುಳ!”

ನಕ್ಕವರಲ್ಲಿ ಅಕ್ಕನೂ ಇದ್ದಳು. ಅದೇ ತಾಗಿದ್ದು.

“ಮುಗೀತು ಭಾವ,” ಎಂದ ಖಾಯಂ.

“ಏನು ಮುಗೀತು?”

“ಥೀಸಿಸ್ಸು. ಬೈಂಡ್ ಮಾಡಿಸಿ ಕೊಡೋದೊಂದು ಬಾಕಿ.”

ಅಕ್ಕನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಭಾವ ಎದ್ದು ಬಂದು ಬಾಮೈದನನ್ನು ಅಪ್ಪಿಕೊಂಡ. ಖಾಯಂನ ಅಂಗಿಯ ಮೇಲೆ ಎಂಜಲು ಕೈಯ ಐದು ಬೆರಳೂ ಮೂಡಿದವು. ಅಷ್ಟು ಗೌರವ ಅವನಿಗೆ ಆ ಮನೆಯಲ್ಲಿ ಹಿಂದೆಂದೂ ಸಿಕ್ಕಿರಲಿಲ್ಲ. “ಕೊಡೋ ದಿನ ನಾನೂ ನಿಮ್ಮಕ್ಕನೂ ಬರ್ತೀವಿ. ಫೋಟೋ ತೆಗೀಬೇಕು. ಯಾವತ್ತು ಅಂತ ನಾಳೆ ನಾನೇ ನಿಮ್ಮ ಆಫೀಸಿಗೆ ಫೋನ್ ಮಾಡಿ ಕೇಳ್ತೀನಿ!”

“ಬೇಡ ಭಾವ—”

“ನೀನು ಸುಮ್ನಿರು! ದೊಡ್ಡ ಕೆಲಸ ಮಾಡಿದೀಯ. ಚಿಲ್ಲರೆ ಕೆಲಸ ನನಗೆ ಬಿಡು!”

ಸೋಮವಾರ ಖಾಯಂ ವಿಭಾಗಕ್ಕೆ ಕಾಲಿಡುವಷ್ಟರಲ್ಲಿ ಫೋನು ಬಂದಾಗಿತ್ತು. ಗುಮಾಸ್ತೆ ಟೈಪ್ ಮಾಡುವುದನ್ನು ನಿಲ್ಲಿಸಿ ಅವನನ್ನೇ ನೋಡಿದಳು. ಸರ್ಕಾರಿ ಪತ್ರಗಳನ್ನು ಬರೆದೂ ಬರೆದೂ ಆಕೆಯ ಮಾತೂ ಹಾಗೇ ಆಗಿಹೋಗಿತ್ತು. “ತಮ್ಮ ಪ್ರಬಂಧ ಪೂರ್ಣಗೊಂಡಿರುವುದಾಗಿ ದೂರವಾಣಿ ಮೂಲಕ ತಿಳಿದುಬಂದಿರುತ್ತದೆ,” ಎಂದಳು. ಆಮೇಲೆ ಮೂಗು ಒರೆಸಿಕೊಂಡಳು.

ಅಟೆಂಡರು ಕೈಯುಳ್ಳ ಕುರ್ಚಿಯೊಂದನ್ನು ತಂದು ಹಾಕಿದ. ಅಷ್ಟು ವರ್ಷ ಖಾಯಂ ಮುಕ್ಕಾಲಿಯ ಮೇಲೆ ಕೂತವನು. “ಕೂತ್ಕೊಳಿ,” ಎಂದ ಅಟೆಂಡರು. ನಿನ್ನೆಮೊನ್ನೆವರೆಗೂ ‘ಲೇ ಖಾಯಂ’ ಎನ್ನುತ್ತಿದ್ದವನು. “ಚಾ ತರ್ಲಾ? ನಿಮ್ಮನ್ನ ಕೇಳಬಾರದು, ಆದ್ರೂ ಕೇಳ್ತೀನಿ. ಅಷ್ಟು ಅರ್ಜೆಂಟಾ?”

ಪ್ರೊಫೆಸರು ಒಳಗೆ ಕರೆದರು. ಮೂವತ್ತು ವರ್ಷ ಬಸವನಹುಳುಗಳ ಜೊತೆ ಬಾಳಿದ ಮನುಷ್ಯ. ಮಾತನ್ನು ಎರಡು ಕೊಂಬಿನಂತೆ ಮುಂದಕ್ಕೆ ಚಾಚುವರು, ಎದುರಿಗೆ ಏನಾದರೂ ತಗುಲಿದರೆ ಸಾಕು, ಒಳಕ್ಕೆ ಎಳೆದುಕೊಳ್ಳುವರು.

“ಅಂದ್ರೆ... ನಾನೇನ್ ಹೇಳ್ತೀನಿ ಅಂದ್ರೆ... ಇನ್ನೊಂದು ಅಧ್ಯಾಯ...” ಎಂದು ಚಾಚಿದರು.

ಖಾಯಂನ ಮುಖ ಅರಳಿತು. ಇದಕ್ಕಿಂತ ಒಳ್ಳೆಯ ದಾರಿ ಯಾವುದಿದೆ? “ಆಗಲಿ ಸಾರ್! ಬೇಕಾದ್ರೆ ನಾಲ್ಕು ಬರೀತೀನಿ!”

“...ಬೇಕಿತ್ತು ಅಂತ ನಿಮ್ಮ ಭಾವನವರಿಗೆ ಹೇಳಿದೆ.” ಪ್ರೊಫೆಸರು ಫೋನನ್ನು ಹಾವನ್ನು ನೋಡುವಂತೆ ನೋಡಿದರು. “ಅವರು, ‘ಹುಡುಗನ್ನ ಇನ್ನೊಂದು ದಿನ ಸತಾಯಿಸಿದ್ರೆ ನಾನೇ ಬರ್ತೀನಿ’ ಅಂದ್ರು. ಕಿವಿ ಇನ್ನೂ ಗುಂಯ್ ಅಂತಿದೆ. ಇರ್ಲಿ ಬಿಡು. ಗುರುವಾರ ಅಂತ ಹೇಳಿಬಿಟ್ಟೆ.”

ಹೀಗೆ ಬರೆಯದ ಪ್ರಬಂಧಕ್ಕೆ, ಅದನ್ನು ಬೇಡವೆನ್ನುವ ಗುರುಗಳಿಂದ, ಅದರಲ್ಲೇನಿದೆಯೆಂದು ತಿಳಿಯದ ಭಾವನ ಕೃಪೆಯಿಂದ, ಮುಹೂರ್ತ ನಿಶ್ಚಯವಾಯಿತು.

ಖಾಯಂ ತಲೆ ಓಡಿಸಿದ. ಓಡುವ ಅಭ್ಯಾಸವಿಲ್ಲದ ತಲೆ, ಹತ್ತಿರದಲ್ಲೇ ಎಲ್ಲೋ ನಿಂತಿತು. ದಪ್ಪನೆಯ ಬಿಳಿ ಕಾಗದದ ಕಟ್ಟು ತಂದ. ಮೇಲೆ ಹೆಸರಿನ ಹಾಳೆ, ಅದರ ಹಿಂದೆ ಕೃತಜ್ಞತೆಗಳು, ಅದರ ಹಿಂದೆ ಖಾಲಿ, ಖಾಲಿ, ಖಾಲಿ. ಕಪ್ಪು ರೆಕ್ಸಿನ್ನಿನ ರಟ್ಟು ಹಾಕಿಸಿ ಚಿನ್ನದ ಅಕ್ಷರ ಹೊಡೆಸಿದ. ಗುರುವಾರ ಭಾವನೆದುರು ಕೊಡುವುದು, ಶುಕ್ರವಾರ ‘ತಿದ್ದುಪಡಿ ಇದೆ ಸಾರ್’ ಎಂದು ವಾಪಸ್ಸು ತೆಗೆದುಕೊಳ್ಳುವುದು. ಆಮೇಲೆ ಇನ್ನೂ ಹತ್ತು ವರ್ಷ ತಿದ್ದಬಹುದು. ಎಲ್ಲರ ಒಲೆಯೂ ಉರಿಯುತ್ತದೆ, ಭಾವನ ಬಾಯಿಯೂ ಮುಚ್ಚುತ್ತದೆ.

ಗುರುವಾರ ಭಾವ ಬಂದ. ಬಾಡಿಗೆ ವ್ಯಾನು, ಕೇಕು, ಕ್ಯಾಮೆರಾ, ಹೊಸ ಸೀರೆಯ ಅಕ್ಕ. ಅಕ್ಕ ಕಟ್ಟನ್ನು ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡು, “ಇಷ್ಟೆಲ್ಲ ನೀನೇ ಬರೆದ್ಯೇನೋ?” ಎಂದು ಅಳತೊಡಗಿದಳು.

“ಕೊಡಿಲ್ಲಿ, ನೋಡೋಣ!” ಎಂದು ಭಾವ ಕೈ ಚಾಚಿದ.

ಭಾವ ರಟ್ಟು ತೆರೆದ. ಹೆಸರಿನ ಹಾಳೆ ಮಗುಚಿದ. ಕೃತಜ್ಞತೆಗಳು. ಬೆರಳಿಟ್ಟು ಕೆಳಗಿಳಿದ, ಇಳಿದ, ನಿಂತ. “ಹಾಂ! ‘ತಂದೆಗೆ ಸಮಾನರಾದ ನನ್ನ ಭಾವನವರು’!” ಎಂದು ಕೂಗಿ ರಟ್ಟು ಮುಚ್ಚಿದ. “ಇದಕ್ಕಿಂತ ಇನ್ನೇನು ಬೇಕ್ರೀ!”

ಗುಮಾಸ್ತೆ ಇಸಿದುಕೊಂಡಳು. ಅದೇ ಹಾಳೆ. ತನ್ನ ಹೆಸರು ನೋಡಿದಳು, ಮುಚ್ಚಿದಳು. “ಸೇವೆಯನ್ನು ಸ್ಮರಿಸಲಾಗಿದೆ,” ಎಂದಳು ಗದ್ಗದವಾಗಿ. ಅಟೆಂಡರು ತನ್ನ ಹೆಸರನ್ನು ಹುಡುಕಿ, ಹೆಂಡತಿಯ ಹೆಸರೂ ಇದ್ದದ್ದನ್ನು ಕಂಡು, ಕಟ್ಟನ್ನು ಅಂಗೈಯಲ್ಲಿ ಏರಿಸಿ ಇಳಿಸಿ, “ತೂಕ ಚೆನ್ನಾಗಿದೆ,” ಎಂದು ಸರ್ಟಿಫಿಕೇಟು ಕೊಟ್ಟ. ಕೊನೆಗೆ ಪ್ರೊಫೆಸರು ತೆರೆದರು. ತಮ್ಮ ಮೇಲಿನ ಎರಡು ಪುಟವನ್ನು ಓದಿದರು. ಕನ್ನಡಕ ತೆಗೆದು ಒರೆಸಿದರು, ಮುಚ್ಚಿದರು. ಮುಂದಿನ ಹಾಳೆಗೆ ಯಾರೂ ಹೋಗಲಿಲ್ಲ. ವಿದ್ವತ್ತಿನ ಜಗತ್ತಿನಲ್ಲಿ ಇದು ಮಾಮೂಲು. ಖಾಯಂಗೆ ಮಾತ್ರ ಅದು ಹೊಸ ಸಂಶೋಧನೆ.

ಕೇಕು ತಿಂದರು. ಫೋಟೋದಲ್ಲಿ ಭಾವ ಒಬ್ಬನೇ ನಗುತ್ತಿದ್ದ.

ಶುಕ್ರವಾರ ಖಾಯಂ ಹೋಗಿ, “ಸಾರ್, ಸ್ವಲ್ಪ ತಿದ್ದೋದಿತ್ತು, ಕೊಡ್ತೀರಾ?” ಎಂದ.

“ಓದ್ತಾ ಇದ್ದೀನಪ್ಪ,” ಎಂದರು ಪ್ರೊಫೆಸರು, ಕಿಟಕಿಯಾಚೆ ನೋಡುತ್ತ. “ಮೊದಲನೇ ಅಧ್ಯಾಯ ಆಯ್ತು. ಗಟ್ಟಿಯಾಗಿದೆ.”

ಖಾಯಂ ಗೋಡೆ ಹಿಡಿದುಕೊಂಡ. ಗೊತ್ತಾಗಿಬಿಟ್ಟಿದೆ, ಮುದುಕ ಆಟ ಆಡಿಸುತ್ತಿದ್ದಾನೆ. ಮರುದಿನ ಹೋದ. “ಮೂರನೇ ಅಧ್ಯಾಯದಲ್ಲಿ... ಅಂದ್ರೆ... ಸ್ವಲ್ಪ ಅವಸರ ಮಾಡಿದ್ದೀಯ. ಇರ್ಲಿ ಬಿಡು.” ಅದರಾಚೆ ಹೋದ. “ಐದನೇದು ಓದಿ ನಿದ್ದೆ ಬರಲಿಲ್ಲ ಕಣಪ್ಪ. ಏನು ಬರೆದಿದ್ದೀಯ!” ಖಾಯಂ ಏನು ಬರೆದಿದ್ದನೆಂದು ಖಾಯಂಗೆ ಚೆನ್ನಾಗಿ ಗೊತ್ತಿತ್ತು. ಅವನಿಗೂ ನಿದ್ದೆ ಬರಲಿಲ್ಲ.

ನಡೆದದ್ದು ಬೇರೆ. ಪ್ರೊಫೆಸರು ಆ ಕಟ್ಟನ್ನು ಮತ್ತೆ ತೆರೆದೇ ಇರಲಿಲ್ಲ. ರಿಜಿಸ್ಟ್ರಾರರು ಎಲ್ಲಿ ಜವಾನನನ್ನು ಕಳಿಸಿ ತರಿಸಿಕೊಳ್ಳುತ್ತಾರೋ ಎಂಬ ಭಯದಲ್ಲಿ, ಅದೇ ಗುರುವಾರ ಸಂಜೆ, ಇನ್ನು ಮುಂದೆ ಯಾರೂ ಕಾಲಿಡಲಾರರೆಂದುಕೊಂಡ ಜಾಗದಲ್ಲಿ ಬಚ್ಚಿಟ್ಟಿದ್ದರು. ಹುಳುಮನೆಯಲ್ಲಿ, ಒದ್ದೆ ಗೋಣಿಚೀಲದ ಕೆಳಗೆ. ಇತ್ತ ಅಟೆಂಡರು, ಓದೇ ಮುಗಿದ ಮೇಲೆ ಹುಳಕ್ಕೆ ಸೊಪ್ಪು ಯಾಕೆಂದು ಅವತ್ತಿನಿಂದಲೇ ಹಾಕುವುದನ್ನು ನಿಲ್ಲಿಸಿದ್ದ. ಹಸಿದ ಬಸವನಹುಳುವಿಗೆ ಒದ್ದೆ ಕಾಗದ ಎಂದರೆ ಪ್ರಾಣ. ಮಸಿಯ ಕಹಿಯಿಲ್ಲದ ಕಾಗದವಾದರೆ ಕೇಳುವುದೇ ಬೇಡ.

ಮುಂದಿನ ವಾರ ಹುಳುಮನೆಯಿಂದ ಬರುತ್ತಿದ್ದ ವಾಸನೆ ಏನೆಂದು ನೋಡಲು ಹೋದ ಅಟೆಂಡರು ಎರಡು ಕಪ್ಪು ರಟ್ಟುಗಳನ್ನು ಹಿಡಿದುಕೊಂಡು ಓಡಿ ಬಂದ. ನಡುವೆ ಅಂಟು ಅಂಟಾದ ಜಾಲರಿ. ಮೈಮರೆತು ಇನ್ನೂ ಮೇಯುತ್ತಿದ್ದ ಒಂದು ಹುಳು ಚಿನ್ನದ ಅಕ್ಷರದ ಮೇಲೆ ಕೂತಿತ್ತು.

“ಸಾರ್! ಥೀಸಿಸ್ಸು! ಹುಳ ತಿಂದವೆ!”

ಖಾಯಂಗೆ ಕುಣಿಯಬೇಕೆನಿಸಿತು. ಕುಣಿದರೆ ಕೆಟ್ಟೀತೆಂದು ನೆಲಕ್ಕೆ ಕುಸಿದು, ತಲೆಯ ಮೇಲೆ ಕೈ ಹೊತ್ತು, “ಹೋಯ್ತಲ್ಲ ಸಾರ್! ಎಲ್ಲಾ ಹೋಯ್ತಲ್ಲ!” ಎಂದು ಗೋಳಾಡಿದ. ಸ್ವಲ್ಪ ಹೆಚ್ಚಾಗಿಯೇ ಚೆನ್ನಾಗಿ ಗೋಳಾಡಿದ. ಗುಮಾಸ್ತೆ ಬಿಕ್ಕಿದಳು. ಪ್ರೊಫೆಸರು ಅವನ ಪಕ್ಕ ನೆಲದ ಮೇಲೆಯೇ ಕೂತು, “ನನ್ನ ಕೈಯಿಂದ ಆಯ್ತು ಕಣಪ್ಪ, ನಾನು ಪಾಪಿ,” ಎಂದು ಅಳುತ್ತಿದ್ದಾಗ ಫೋನು ಹೊಡೆಯಿತು. ಅಟೆಂಡರು ಎತ್ತಿದ. ಭಾವ. ರಿಸಲ್ಟು ಯಾವಾಗ ಎಂದು ಕೇಳಲು. ಅಟೆಂಡರು ನಡೆದದ್ದನ್ನೆಲ್ಲ ಹೇಳಿಬಿಟ್ಟ.

ರಿಜಿಸ್ಟ್ರಾರರ ಕೋಣೆಯಲ್ಲಿ ವಿಚಾರಣೆ. ಮೇಜಿನ ಮೇಲೆ ಸಾಕ್ಷಿಯಾಗಿ ಎರಡು ರಟ್ಟು. ಭಾವನ ದನಿಗೆ ಗೋಡೆಯ ಮೇಲಿನ ಹಿಂದಿನ ಕುಲಪತಿಗಳೆಲ್ಲ ಅಲುಗಾಡುತ್ತಿದ್ದರು. “ನಮ್ಮ ಹುಡುಗನ ರಕ್ತ ಅದು! ರಕ್ತ! ನಿಮ್ಮ ಹುಳ ಕುಡಿದಿದೆ!”

ರಿಜಿಸ್ಟ್ರಾರರು ತಣ್ಣಗಿನ ಮನುಷ್ಯ. “ಪ್ರೊಫೆಸರೇ, ಪ್ರಬಂಧವನ್ನು ನಿರ್ಲಕ್ಷ್ಯದಿಂದ ಹಾಳು ಮಾಡಿದ್ದೀರಿ ಅಂತ ದೂರು. ನೀವದನ್ನು ತೆರೆದಾದರೂ ನೋಡಿದ್ರಾ?”

“ತೆರೆದು? ಪೂರ್ತಿ ಓದಿದ್ದೀನಿ!” ಎಂದರು ಪ್ರೊಫೆಸರು. ಜೀವಮಾನದಲ್ಲಿ ಅವರು ಅರ್ಧಕ್ಕೆ ಎಳೆದುಕೊಳ್ಳದೆ ಹೇಳಿದ ಮೊದಲ ವಾಕ್ಯ ಅದು. “ಒಂದೊಂದು ಪುಟ! ಮೂವತ್ತು ವರ್ಷದಲ್ಲಿ ಅಂಥದ್ದು ನಾನು ನೋಡಿಲ್ಲ!”

“ಅತ್ಯುತ್ತಮವಾಗಿದ್ದುದಾಗಿ ಕಂಡುಬಂದಿತ್ತು,” ಎಂದಳು ಗುಮಾಸ್ತೆ.

“ತೂಕ ಇತ್ತು ಸಾರ್,” ಎಂದ ಅಟೆಂಡರು.

“ನಾನೂ ಓದಿದೀನಿ!” ಎಂದ ಭಾವ. “ಕಣ್ಣಲ್ಲಿ ನೀರು ಬರುತ್ತೆ!”

ಖಾಯಂ ಎದ್ದು ನಿಂತ. “ಸಾರ್, ಅದರಲ್ಲಿ ಏನೂ ಇರಲಿಲ್ಲ.”

ಎಲ್ಲರೂ ಅವನ ಕಡೆ ತಿರುಗಿದರು.

“ನೋಡಿದ್ರಾ?” ಎಂದರು ಪ್ರೊಫೆಸರು ಕಣ್ಣೊರೆಸಿಕೊಂಡು. “ಈ ಹುಡುಗನ ವಿನಯ!”

“ಇಲ್ಲ ಸಾರ್, ನಿಜವಾಗ್ಲೂ ಖಾಲಿ ಹಾಳೆ. ನಾನು ಏನೂ ಬರೆದಿಲ್ಲ.”

“ನಮ್ಮ ಹುಡುಗನಿಗೆ ದುಃಖ ತಲೆಗೆ ಏರಿದೆ!” ಭಾವ ಅವನನ್ನು ಹಿಡಿದು ಕೂರಿಸಿ, ರಿಜಿಸ್ಟ್ರಾರರ ನೀರಿನ ಲೋಟವನ್ನೇ ಅವನ ನೆತ್ತಿಗೆ ಸುರಿದ. “ಇದಕ್ಕೂ ನೀವೇ ಹೊಣೆ!”

ರಿಜಿಸ್ಟ್ರಾರರು ನಿಯಮದ ಪುಸ್ತಕ ಎಳೆದುಕೊಂಡರು. ಅವರ ತುಟಿಯ ಅಂಚಿನಲ್ಲಿ ಅತಿಥಿಗೃಹದ ನಗು. “‘ಬೆಂಕಿ, ನೆರೆ, ಭೂಕಂಪ ಹಾಗೂ ಇತರೆ ನೈಸರ್ಗಿಕ ವಿಕೋಪದಿಂದ ಪ್ರಬಂಧ ನಾಶವಾದಲ್ಲಿ, ಪೂರ್ಣವಾಗಿ ಓದಿರುವ ಮಾರ್ಗದರ್ಶಕರ ಹೇಳಿಕೆಯ ಮೇಲೆ ಪದವಿ ನೀಡಬಹುದು.’ ಬಸವನಹುಳು ನೈಸರ್ಗಿಕ ಹೌದೋ ಅಲ್ಲವೋ?”

“ನೈಸರ್ಗಿಕವೇ,” ಎಂದರು ಪ್ರೊಫೆಸರು, ವಿಷಯತಜ್ಞರಾಗಿ.

“ಪೂರಾ ಪ್ರಬಂಧ ತಿಂದದ್ದು ವಿಕೋಪ ಹೌದೋ ಅಲ್ಲವೋ?”

“ಹೌದು.”

“ಮುಗೀತಲ್ಲ. ಅಭಿನಂದನೆಗಳು, ಡಾಕ್ಟ್ರೇ.” ಪುಸ್ತಕ ಮುಚ್ಚಿ, ಇನ್ನೂ ಮೃದುವಾಗಿ, “ತಿಂಗಳ ಕೊನೆಗೆ ಕಟ್ಟಡದ ಬೀಗದ ಕೈ ಕಳಿಸಿಕೊಡಿ, ಪ್ರೊಫೆಸರೇ,” ಎಂದರು.

ಆಗ ಪ್ರೊಫೆಸರಿಗೆ ತಾವು ಏನು ಹೇಳಿದೆವೆಂದು ಹೊಳೆಯಿತು. ಗುಮಾಸ್ತೆಗೂ, ಅಟೆಂಡರಿಗೂ ಹೊಳೆಯಿತು. ಮೂವರೂ ಬಾಯಿ ತೆರೆದರು. ಆದರೆ ಓದಿಲ್ಲ ಎಂದರೆ ಪ್ರೊಫೆಸರ ಕೆಲಸ ಹೋಗುತ್ತದೆ, ಓದಿದ್ದೇನೆ ಎಂದರೆ ವಿಭಾಗ ಹೋಗುತ್ತದೆ. ಮೂವರೂ ಬಾಯಿ ಮುಚ್ಚಿದರು. ಭಾವ ಮಾತ್ರ ಎಲ್ಲರ ಕೈ ಕುಲುಕಿದ.

ತಿಂಗಳ ಕೊನೆ ಬಂತು. ಹೊರಗೆ ಲಾರಿ ನಿಂತಿತ್ತು. ಅಟೆಂಡರನ ಹೆಂಡತಿ ಹಿಂದಿನ ಕೋಣೆಯಿಂದ ಪಾತ್ರೆಗಳನ್ನು ಒಂದೊಂದಾಗಿ ಹೊರಗಿಡುತ್ತಿದ್ದಳು. ಖಾಯಂ ಒಂದು ಕೊಡ ಎತ್ತಿಕೊಡಲು ಹೋದ.

“ಬೇಡ ಬಿಡಿ ಡಾಕ್ಟ್ರೇ, ನಿಮ್ಮ ಅಂಗಿ ಕೊಳೆ ಆಗುತ್ತೆ,” ಎಂದ ಅಟೆಂಡರು. ಅದರಲ್ಲಿ ಕುಹಕವಿರಲಿಲ್ಲ, ಇದ್ದಿದ್ದರೆ ಎಷ್ಟೋ ವಾಸಿಯಿತ್ತು. “ನೀವು ಪಾಸಾಗಿದ್ದು ಸಂತೋಷ. ನಮ್ಮ ಹೆಸರೂ ಹಾಕಿದ್ರಿ. ಮನೆ... ನೋಡಬೇಕು. ಕೋಳಿ ಸಾಕೋಕೆ ಬಿಡೋರು ಸಿಗಬೇಕು.”

ಗುಮಾಸ್ತೆ ಟೈಪ್‌ರೈಟರಿಗೆ ಹೊದಿಕೆ ಹಾಕಿ, ಒಂದು ಸಲ ಅದರ ಮೇಲೆ ಕೈಯಾಡಿಸಿದಳು. “ನನ್ನನ್ನು ಪಟ್ಟಣದ ಪರೀಕ್ಷಾ ವಿಭಾಗಕ್ಕೆ ವರ್ಗಾಯಿಸಲಾಗಿರುತ್ತದೆ,” ಎಂದಳು. ಬಾಗಿಲವರೆಗೆ ಹೋಗಿ ತಿರುಗಿದಳು. “ದಿನಾ ಎರಡು ಬಸ್ಸು ಬದಲಾಯಿಸಬೇಕು ಕಣೋ. ಮಗುನ ಯಾರು ನೋಡ್ಕೋತಾರೆ?” ಎಂದು, ಉತ್ತರಕ್ಕೆ ಕಾಯದೆ ನಡೆದುಬಿಟ್ಟಳು.

ಪ್ರೊಫೆಸರು ಹುಳುಮನೆಯ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಬುಟ್ಟಿ. ಮೀನುಗಾರಿಕೆಯವರು ಹುಳುಗಳನ್ನು ಬೇಡವೆಂದಿದ್ದರು. ಇಬ್ಬರೂ ಸೇರಿ ಬೇಲಿಯಾಚೆಯ ಹುಲ್ಲಿಗೆ ಅವನ್ನು ಬಿಟ್ಟರು. ಹಳೆಯ ಚುಕ್ಕೆಗಳು ಕೆಲವಕ್ಕೆ ಇನ್ನೂ ಇದ್ದವು, ಕೆಂಪು, ನೀಲಿ.

“ಒಂದು ಮಾತು ಕೇಳ್ಲಾ?” ಎಂದರು ಪ್ರೊಫೆಸರು, ಹುಳುಗಳನ್ನೇ ನೋಡುತ್ತ. “ನಾನದನ್ನ ಓದಲಿಲ್ಲಪ್ಪ. ಕೃತಜ್ಞತೆ ಬಿಟ್ರೆ ಒಂದು ಪುಟಾನೂ. ಸುಳ್ಳು ಹೇಳಿದೆ.”

ಖಾಯಂ ಕಾಲ ಬಳಿಯಿದ್ದ ಒಂದು ಹುಳುವನ್ನು ಎತ್ತಿ ಹುಲ್ಲಿನಾಚೆ ಇಟ್ಟ.

“ಈಗ ಹೇಳು. ಕೊನೇ ಅಧ್ಯಾಯದಲ್ಲಿ ಏನು ಬರೆದಿದ್ದೆ? ಇವು... ವಾಪಸ್ಸು ಬರ್ತವಾ?”

ಮುದುಕರ ಕೊಂಬುಗಳು ಪೂರ್ತಿ ಹೊರಗೆ ಚಾಚಿದ್ದವು. ಖಾಲಿ ಎಂದು ಇನ್ನೊಂದು ಸಲ ಹೇಳುವುದಕ್ಕೆ ಆ ಮುಖದೆದುರು ಯಾರಿಗೆ ಧೈರ್ಯ ಬರುತ್ತದೆ? ಇದೊಂದಾದರೂ ಒಳ್ಳೆಯ ಸುದ್ದಿಯಾಗಲಿ ಎಂದು ಖಾಯಂ, “ಬರ್ತವೆ ಸಾರ್,” ಎಂದ.

“ಖಂಡಿತ?”

“ಖಂಡಿತ. ಸ್ವಲ್ಪ ತಡ ಆಗುತ್ತೆ. ಆದ್ರೆ ಬರ್ತವೆ.”

“ಹೌದಾ,” ಎಂದರು ಪ್ರೊಫೆಸರು. “ನಾನು ಬರಲ್ಲ ಅಂತ ಅಂದ್ಕೊಂಡಿದ್ದೆ. ಶುರುವಿಂದ್ಲೂ. ನಿನಗೆ ಹೇಳಿದ್ರೆ ನಿನ್ನ ಕೆಲಸ ಕೆಡುತ್ತೆ ಅಂತ ಬಾಯಿಬಿಡಲಿಲ್ಲ. ನಿನ್ನ ಕೈಲಾದ್ರೂ ಗಟ್ಟಿಯಾಗಲಿ ಅಂತ ಕಾಯ್ತಾ ಇದ್ದೆ.” ಬುಟ್ಟಿಯನ್ನು ಬೋರಲು ಮಾಡಿ ತಟ್ಟಿದರು, ಮಣ್ಣು ಉದುರಿತು. “ಮೂವತ್ತು ವರ್ಷ ತಪ್ಪು ತಿಳ್ಕೊಂಡಿದ್ದೆ ಅಂತಾಯ್ತು. ಇರ್ಲಿ ಬಿಡು. ಈಗಲಾದ್ರೂ ತಿಳೀತಲ್ಲ. ನೀನು ನಿಜವಾಗ್ಲೂ ಡಾಕ್ಟ್ರು ಕಣಪ್ಪ.”

“ಸಾರ್, ಅದು—” ಎಂದು ಖಾಯಂ ಬಾಯಿ ತೆರೆಯುವಷ್ಟರಲ್ಲಿ ಕೊನೆಯ ನಿಲ್ದಾಣದಲ್ಲಿ ಬಸ್ಸು ಎಂಜಿನ್ ಹಾಕಿತು. ಪ್ರೊಫೆಸರು ಅವಸರ ಅವಸರವಾಗಿ, ಆ ವಯಸ್ಸಿನಲ್ಲಿ ಎಷ್ಟು ಸಾಧ್ಯವೋ ಅಷ್ಟು, ಹೊರಟುಹೋದರು. ತಿರುಗಿ ನೋಡಲಿಲ್ಲ.

ಭಾವನ ವ್ಯಾನು ಗೇಟಿನ ಹತ್ತಿರ ಬಂದು ಹಾರ್ನ್ ಮಾಡಿತು. “ಬಾರೋ ಡಾಕ್ಟ್ರೇ! ಊಟಕ್ಕೆ ಜನ ಕಾಯ್ತಿದ್ದಾರೆ! ಫೋಟೋದವನೂ ಬಂದಿದ್ದಾನೆ!”

ಖಾಯಂ ಬೇಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಕೆಂಪು ಚುಕ್ಕೆಯ ಹುಳು ಒಂದು ಹುಲ್ಲಿನೆಸಳಿನ ಬುಡದಲ್ಲಿ ನಿಂತು, ಆ ಕಡೆ ಒಂದು ಕೊಂಬು, ಈ ಕಡೆ ಒಂದು ಕೊಂಬು ಚಾಚಿ, ಯಾವ ಕಡೆಗೆಂದು ಇನ್ನೂ ತೀರ್ಮಾನಿಸಿರಲಿಲ್ಲ.

ಹಾರ್ನ್ ಮತ್ತೆ ಆಯಿತು. ಖಾಯಂ ಕಾಗೆಗೆಂದು ಒಂದು ಕಲ್ಲನ್ನು ಎತ್ತಿ ಕೈಯಲ್ಲಿ ಹಿಡಿದುಕೊಂಡ. ಏಳಲಿಲ್ಲ.